ಹಿಡಿ ಅಕ್ಕಿಯ ಮುಡಿಪು

ಮಿಜೋರಾಂನ ಬೆಟ್ಟದೂರಿನ ಅಡುಗೆಮನೆ. ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ಮನೆಯಾಕೆ ಆ ಹೊತ್ತಿನ ಊಟಕ್ಕೆ ಬೇಕಾದಷ್ಟು ಅಕ್ಕಿ ಅಳೆದುಕೊಂಡು, ತೊಳೆಯುವ ಮುನ್ನ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾಳೆ. ಮುಂದಿನ ಊಟಕ್ಕೆ ಮತ್ತೊಂದು ಹಿಡಿ. ಗೊತ್ತಾದ ದಿನ ಚರ್ಚಿನ ಹೆಂಗಸರು ಮನೆ ಮನೆಗೆ ಬಂದು ಡಬ್ಬಿ ಬರಿದು ಮಾಡಿಕೊಂಡು ಹೋಗುತ್ತಾರೆ. ಅಕ್ಕಿ ಮಾರಿ ಬಂದ ಹಣ ಚರ್ಚಿನ ಕೆಲಸಕ್ಕೆ. ಈ ಪದ್ಧತಿಗೆ ‘ಬುಹ್‌ಫಾಯ್ ಥಾಮ್’ ಎಂದು ಹೆಸರು. ಮಿಜೋ ಭಾಷೆಯಲ್ಲಿ ಬುಹ್‌ಫಾಯ್ ಎಂದರೆ ಅಕ್ಕಿ, ಥಾಮ್ ಎಂದರೆ ಹಿಡಿ.

ಉಂಡು ಮಿಕ್ಕದ್ದನ್ನು ಕೊಡುವುದು ಬೇರೆ, ಬೇಯುವ ಮೊದಲೇ ತೆಗೆದಿಡುವುದು ಬೇರೆ. ಎರಡನೆಯದಕ್ಕೆ ಕನ್ನಡದಲ್ಲಿ ‘ಮೀಸಲು’ ಎಂಬ ಒಳ್ಳೆಯ ಮಾತೇ ಇದೆ.

ಕ್ರೈಸ್ತರ ದಾನಧರ್ಮದ ವಿಚಾರ ಬಂದರೆ ಸಾಮಾನ್ಯವಾಗಿ ನೆನಪಾಗುವುದು ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಇದರ ವಿವರವಿದೆ. ದವಸ, ದ್ರಾಕ್ಷಾರಸ, ಎಣ್ಣೆ, ದನಕುರಿ ಎಲ್ಲದರಲ್ಲೂ ಹತ್ತರಲ್ಲೊಂದು ಪಾಲು ದೇವರದು. ಅದು ಸೇರುತ್ತಿದ್ದುದು ಸ್ವಂತ ನೆಲವಿಲ್ಲದೆ ದೇವಾಲಯದ ಸೇವೆಯಲ್ಲಿದ್ದ ಲೇವಿಯರಿಗೆ. ಮೂರು ವರ್ಷಕ್ಕೊಮ್ಮೆ ಪರದೇಶಿ, ಅನಾಥ, ವಿಧವೆಯರಿಗೂ ಅದರಲ್ಲಿ ಹೊಟ್ಟೆ ತುಂಬಬೇಕೆಂಬ ನಿಯಮವಿತ್ತು. ಆದರೆ ಯೇಸು ಎತ್ತಿ ಹೇಳಿದ್ದು ಹತ್ತರ ಲೆಕ್ಕವನ್ನಲ್ಲ, ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಚಿಕ್ಕ ಕಾಸು ಹಾಕಿದ ಬಡ ವಿಧವೆಯನ್ನು. ಅವಳ ಬಳಿ ಇದ್ದದ್ದೇ ಅಷ್ಟು.

ದಶಮಾಂಶ ಯೂರೋಪಿಗೆ ಹೋಗಿ ಬೇರೆಯೇ ರೂಪ ತಾಳಿತು. 779ರಲ್ಲಿ ಷಾರ್ಲ್‌ಮೇನ್ ದೊರೆ ಅದನ್ನು ಕಾನೂನನ್ನಾಗಿ ಮಾಡಿದ. ಮನಸ್ಸಿದ್ದರೆ ಕೊಡುವ ಕಾಣಿಕೆ ಕಂದಾಯವಾಯಿತು. ಫ್ರಾನ್ಸ್ ಅದನ್ನು ಕಿತ್ತೊಗೆಯಲು 1789ರ ಕ್ರಾಂತಿಯೇ ಬರಬೇಕಾಯಿತು. ಬ್ರಿಟನ್ನಿನಲ್ಲಿ 1836ರಲ್ಲಿ ಧಾನ್ಯದ ಬದಲು ಹಣ ಕಟ್ಟುವ ಏರ್ಪಾಡಾಯಿತು. ವಸೂಲಿ ಮಾತ್ರ ನಿಲ್ಲಲಿಲ್ಲ.

ಇದರ ಬಿಸಿ ಹೆಚ್ಚು ತಟ್ಟಿದ್ದು ವೇಲ್ಸ್ ನಾಡಿಗೆ. ಅಲ್ಲಿನ ರೈತರಲ್ಲಿ ಬಹುಮಂದಿ ತಮ್ಮದೇ ಪ್ರಾರ್ಥನಾ ಮಂದಿರಗಳಿಗೆ ಹೋಗುವವರು, ಅವನ್ನು ಸ್ವಂತ ಖರ್ಚಿನಲ್ಲಿ ನಡೆಸುವವರು. ಆದರೂ ಅವರು ಕಾಲಿಡದ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ದಶಮಾಂಶ ಕಟ್ಟಲೇಬೇಕಿತ್ತು. 1880ರ ದಶಕದಲ್ಲಿ ಬೆಳೆಯ ಬೆಲೆ ಕುಸಿದಾಗ ಅವರು ‘ಕೊಡೆವು’ ಎಂದರು. ಜಪ್ತಿಯಾಯಿತು. ದನಗಳನ್ನು ಹರಾಜು ಹಾಕಲು ಬಂದವರನ್ನು ಊರಿನವರು ಅಡ್ಡಗಟ್ಟಿದರು. 1887ರಲ್ಲಿ ಮೋಕ್‌ದ್ರೆ ಎಂಬ ಊರಿನಲ್ಲಿ ಪೊಲೀಸರಿಗೂ ಜನರಿಗೂ ಕೈಮಿಲಾಯಿಸಿ ಹಲವರು ಗಾಯಗೊಂಡರು. ದೇವರ ಹೆಸರಿನ ಪಾಲಿಗಾಗಿ ಲಾಠಿ!

ಈ ಕಥೆಗೂ ಮಿಜೋರಾಂಗೂ ಏನು ಸಂಬಂಧ ಎನ್ನಬಹುದು. ಮೋಕ್‌ದ್ರೆ ಗಲಭೆಯಾಗಿ ಹತ್ತು ವರ್ಷಕ್ಕೆ, 1897ರಲ್ಲಿ, ಅದೇ ವೇಲ್ಸ್‌ನಿಂದ ಡಿ.ಇ. ಜೋನ್ಸ್ ಎಂಬ ಪಾದ್ರಿ ಲುಷಾಯ್ ಬೆಟ್ಟಗಳಿಗೆ ಬಂದರು. ಮಿಜೋರಾಂಗೆ ಆಗ ಇದ್ದ ಹೆಸರು ಅದು. ಅವರಿಗಿಂತ ಮೊದಲು, 1894ರಲ್ಲಿ, ಲೊರೆನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಬಂದು ಮಿಜೋ ಭಾಷೆಗೆ ರೋಮನ್ ಅಕ್ಷರಗಳಲ್ಲಿ ಲಿಪಿ ಅಳವಡಿಸಿದ್ದರು. ಜೋನ್ಸ್ ಬಂದದ್ದು ಯಾರ ಬಲವಂತವೂ ಇಲ್ಲದೆ ತಾವೇ ಕೂಡಿಸಿಕೊಟ್ಟು ಚರ್ಚು ನಡೆಸುತ್ತಿದ್ದ ಜನರ ನಡುವಿನಿಂದ.

ಬೆಟ್ಟದ ಜನರ ಬಳಿ ನಗದು ಹಣ ತೀರ ಕಡಿಮೆ. ಕಾಡು ಕಡಿದು ಸುಟ್ಟು ಇಳಿಜಾರಿನಲ್ಲಿ ಭತ್ತ ಬೆಳೆಯುವ ಜುಮ್ ಬೇಸಾಯ ಅವರದು. ಸಂಬಳವೇ ಇಲ್ಲದವರಿಗೆ ಸಂಬಳದ ಹತ್ತನೆಯ ಪಾಲು ಎಲ್ಲಿಂದ ಬರಬೇಕು? ಆದರೆ ಅನ್ನ ಬೇಯದ ಮನೆಯಿಲ್ಲ. 1910ರಲ್ಲಿ ಹಿಡಿ ಅಕ್ಕಿ ಶುರುವಾಯಿತು. ಅದರ ಮರುವರ್ಷವೇ ಬಂದದ್ದು ‘ಮೌತಾಮ್’ ಎಂಬ ಬರ. ಸುಮಾರು 48 ವರ್ಷಕ್ಕೊಮ್ಮೆ ಅಲ್ಲಿನ ಬಿದಿರು ಒಟ್ಟಿಗೆ ಹೂಬಿಡುತ್ತದೆ. ಅದರ ಕಾಯಿ ತಿಂದ ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ, ಕಾಯಿ ಮುಗಿದ ಮೇಲೆ ಹೊಲಕ್ಕೂ ಕಣಜಕ್ಕೂ ನುಗ್ಗುತ್ತವೆ. ಹೊಸ ಪದ್ಧತಿಯೊಂದು ಕಣ್ಣು ಬಿಡುವಾಗಲೇ ಮುಚ್ಚಿಹೋಗಲು ಇಷ್ಟು ಸಾಕಿತ್ತು. ಅದು ಉಳಿಯಿತು. 1914ರಲ್ಲಿ ಹಿಡಿ ಅಕ್ಕಿಯಿಂದ ಬಂದ ಹಣ ಸುಮಾರು 80 ರೂಪಾಯಿ. ಶತಮಾನ ತುಂಬುವ ಹೊತ್ತಿಗೆ ಅದು ವರ್ಷಕ್ಕೆ ಹಲವು ಕೋಟಿ ರೂಪಾಯಿಗೆ ಏರಿತ್ತು.

ಇದು ಹೇಗೆ ಸಾಧ್ಯ ಎಂಬುದಕ್ಕೆ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ಒಂದು ಹಿಡಿಗೆ 50 ಗ್ರಾಂ ಎಂದಿಟ್ಟುಕೊಳ್ಳಿ. ದಿನಕ್ಕೆರಡು ಹಿಡಿಯಾದರೆ ಒಂದು ಮನೆಯಿಂದ ವರ್ಷಕ್ಕೆ 36 ಕಿಲೋಗೂ ಮೇಲೆ. 200 ಮನೆಗಳ ಹಳ್ಳಿಯಿಂದ 73 ಕ್ವಿಂಟಲ್! ಇಷ್ಟಾದರೂ ಒಂದು ಊಟದಲ್ಲಿ ಯಾರಿಗೂ ಕಡಿಮೆಯಾದದ್ದು ತಿಳಿಯುವುದಿಲ್ಲ. ತೀರ ಬಡವರ ಮನೆಯಲ್ಲಿ ಮಾತ್ರ ತಿಳಿಯುತ್ತದೆ.

ಕೈಯಲ್ಲಿ ಹಣ ಓಡಾಡತೊಡಗಿದ ಮೇಲೆ ಮಿಜೋ ಕ್ರೈಸ್ತರು ದಶಮಾಂಶವನ್ನೂ ಕೊಡುತ್ತಾ ಬಂದಿದ್ದಾರೆ. ಹೆಂಗಸರು ಸೌದೆ ಕೂಡಿಸಿ, ಮಾರಿ ಕೊಟ್ಟದ್ದೂ ಉಂಟು. 1968ರ ಸುಮಾರಿಗೆ ವಿದೇಶಿ ಮಿಷನರಿಗಳೆಲ್ಲ ಹೊರಟುಹೋದಾಗ ಚರ್ಚು ಬಾಗಿಲು ಹಾಕಬೇಕಾಗಿ ಬರಲಿಲ್ಲ. 1928ರಲ್ಲಿ ವೇಲ್ಸ್‌ನ ಮಿಷನ್ ಆರಂಭಿಸಿದ ಡುರ್ಟ್‌ಲಾಂಗ್ ಆಸ್ಪತ್ರೆಯನ್ನು ಮಿಜೋ ಚರ್ಚೇ ನಡೆಸಿಕೊಂಡು ಬಂದಿತು. ಮಿಷನರಿಗಳನ್ನು ಬರಮಾಡಿಕೊಂಡ ನಾಡು ತಾನೇ ಹೊರಗೆ ಮಿಷನರಿಗಳನ್ನು ಕಳುಹಿಸತೊಡಗಿತು. ಶಾಲೆಗಳ ಫಲವಂತೂ ಎಲ್ಲರಿಗೂ ಕಾಣುವಂಥದ್ದು: 1901ರ ಜನಗಣತಿಯಲ್ಲಿ ನೂರಕ್ಕೆ ಒಬ್ಬರೂ ಅಕ್ಷರಸ್ಥರಿರಲಿಲ್ಲ, 2011ರಲ್ಲಿ ಸಾಕ್ಷರತೆ ಶೇಕಡಾ 91 ದಾಟಿತ್ತು. ಇದೆಲ್ಲ ಹಿಡಿ ಅಕ್ಕಿಯಿಂದಲೇ ಆಯಿತೆಂದರೆ ಅತಿಶಯೋಕ್ತಿ. ಸರ್ಕಾರದ ಪಾಲೂ, ವೇಲ್ಸ್‌ನ ಜನ ಕಳುಹಿಸಿದ ಹಣವೂ ಅದರಲ್ಲಿದೆ.

ಒಂದು ಪ್ರಶ್ನೆ ಕೇಳಲೇಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಬಾಗಿಲಿಗೆ ಬಂದು ನಿಂತವರಿಗೆ ‘ಈ ವಾರ ಇಲ್ಲ’ ಎನ್ನುವುದು ಅಷ್ಟು ಸುಲಭವೇ? ತನ್ನ ಕಷ್ಟ ಮರೆತು ಪರರಿಗೆ ನೆರವಾಗುವ ಗುಣವನ್ನು ಮಿಜೋ ಜನ ‘ತ್ಲಾಂಗೈಹ್ನಾ’ ಎಂದು ಕರೆದು ತುಂಬ ಗೌರವಿಸುತ್ತಾರೆ. ಅಂಥ ಕಡೆ ಕೊಡದವರ ಮೇಲೆ ಲಾಠಿ ಬೀಳುವುದಿಲ್ಲ, ನೆರೆಯವರ ಕಣ್ಣು ಬೀಳುತ್ತದೆ. ಎರಡೂ ಒಂದೇ ಎನ್ನಲಾಗದು, ಆದರೆ ಎರಡನೆಯದು ಏನೂ ಅಲ್ಲವೆನ್ನಲೂ ಆಗದು. ಇನ್ನೊಂದು ಮಾತು: ಅಕ್ಕಿ ತೆಗೆದಿಟ್ಟವರೂ ಹೆಂಗಸರು, ಹೊತ್ತು ತಂದವರೂ ಹೆಂಗಸರು. ಆದರೂ 2010ರಲ್ಲಿ ಪದ್ಧತಿಗೆ ನೂರು ತುಂಬಿದಾಗ ಅಲ್ಲಿನ ಪ್ರೆಸ್‌ಬಿಟೇರಿಯನ್ ಚರ್ಚು ಒಬ್ಬ ಮಹಿಳೆಗೂ ಪಾದ್ರಿಯ ದೀಕ್ಷೆ ಕೊಟ್ಟಿರಲಿಲ್ಲ.

ಇತ್ತ ಅಕ್ಕಿಯೂ ಬದಲಾಗಿದೆ. ಮಿಜೋರಾಂ ತನಗೆ ಬೇಕಾದಷ್ಟು ಭತ್ತ ಬೆಳೆದುಕೊಳ್ಳುವುದಿಲ್ಲ. ಬಹುಪಾಲು ಅಕ್ಕಿ ಹೊರಗಿನಿಂದ, ಅಸ್ಸಾಮಿನ ಬಯಲಿನ ಕಡೆಯಿಂದ ಬೆಟ್ಟವೇರಿ ಬರುತ್ತದೆ. ಜುಮ್ ಹೊಲದ ಅಕ್ಕಿಯಿದ್ದ ಡಬ್ಬಿಗೆ ಎಷ್ಟೋ ಮನೆಗಳಲ್ಲಿ ಈಗ ಬೀಳುತ್ತಿರುವುದು ನ್ಯಾಯಬೆಲೆ ಅಂಗಡಿಯ ಅಕ್ಕಿ.