ಚೀನಾದ ಉದ್ಯಾನ: ಕಲ್ಲು, ನೀರು ಮತ್ತು ಸಂಪತ್ತು

ಷಾಂಘೈ ನಗರದ ಪಶ್ಚಿಮಕ್ಕಿರುವ ಸೂಜೌ, ಹಳೆಯ ಉದ್ಯಾನಗಳಿಗೆ ಹೆಸರಾದ ಊರು. ಇವುಗಳಲ್ಲಿ ಒಂಬತ್ತನ್ನು ಯುನೆಸ್ಕೊ 1997 ಹಾಗೂ 2000ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಯೊಳಗೆ ಕೊಳ, ಬಂಡೆ, ಮಂಟಪ, ಗಿಡಮರಗಳನ್ನು ಜೋಡಿಸಿ ಬೆಟ್ಟ-ನದಿಗಳ ನೋಟವನ್ನು ಕಿರಿದಾಗಿ ಕಟ್ಟುವುದು ಇವುಗಳ ವೈಶಿಷ್ಟ್ಯ. ಲೋಕದ ಗೊಡವೆ ಬಿಟ್ಟವರ ತಾಣಗಳಂತೆ ಕಂಡರೂ ಇವುಗಳ ಹಿಂದೆ ಅಪಾರ ಸಂಪತ್ತಿತ್ತು.

ಸೂಜೌ ಇರುವುದು ಯಾಂಗ್ಟ್ಸಿ ನದಿಯ ಮುಖಜ ಭೂಮಿಯಲ್ಲಿ. ಬತ್ತ, ರೇಷ್ಮೆ ಹಾಗೂ ಸರಕನ್ನು ಉತ್ತರಕ್ಕೆ ಸಾಗಿಸುವ ಮಹಾ ಕಾಲುವೆಯಿಂದಾಗಿ ಅದು ಮಿಂಗ್ ಅರಸರ ಕಾಲದಲ್ಲಿ (1368-1644) ಸಿರಿವಂತ ನಗರವಾಗಿತ್ತು. ಅನುಕೂಲಸ್ಥ ಮನೆತನದವರು ವರ್ಷಗಟ್ಟಲೆ ಓದಿ, ಸರ್ಕಾರದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಅಧಿಕಾರಿಗಳಾಗುತ್ತಿದ್ದರು. ಕಾವ್ಯ, ಚಿತ್ರಕಲೆ ಬಲ್ಲ ವಿದ್ವಾಂಸನಿಗೆ ಬರಿಯ ಹಣವಂತನಿಗಿಂತ ಹೆಚ್ಚಿನ ಮನ್ನಣೆ ಇತ್ತು. ಹಣವನ್ನು ಆ ಮನ್ನಣೆಯಾಗಿ ಮಾರ್ಪಡಿಸುವ ಒಂದು ದಾರಿಯೇ ಉದ್ಯಾನ.

ವಾಂಗ್ ಷಿಯಾನ್‌ಚೆನ್ ಎಂಬ ಅಧಿಕಾರಿ ಹುದ್ದೆ ಬಿಟ್ಟು ಬಂದು, ಸುಮಾರು 1509ರಲ್ಲಿ ಇಲ್ಲಿ ಉದ್ಯಾನವೊಂದನ್ನು ಆರಂಭಿಸಿದ. ಅದರ ಹೆಸರು ಜುವೊಜೆಂಗ್ ಯುವಾನ್. ತರಕಾರಿ ಬೆಳೆಯುವುದೇ ತನ್ನಂಥ ಅಸಮರ್ಥನ ಆಡಳಿತ ಎಂಬ ವಿನಯ ಈ ಹೆಸರಿನಲ್ಲಿದೆ. ನೀರು ನಿಲ್ಲುತ್ತಿದ್ದ ತಗ್ಗು ಜಾಗವೇ ಅಲ್ಲಿ ಕೊಳವಾಯಿತು. ಆಗಿನ ಉದ್ಯಾನಗಳಲ್ಲಿ ಹಣ್ಣಿನ ಮರಗಳಿಂದ ಆದಾಯವೂ ಬರುತ್ತಿತ್ತು. ಮುಂದೆ ಅಲಂಕಾರದ ಬಂಡೆಗಳಿಗೆ ಹೆಚ್ಚು ಬೆಲೆ ಬಂದುದನ್ನು ಇತಿಹಾಸಕಾರ ಕ್ರೇಗ್ ಕ್ಲೂನಸ್ 1996ರಲ್ಲಿ ವಿವರಿಸಿದರು.

ಈ ಬಂಡೆಗಳಲ್ಲಿ ಹೆಸರುವಾಸಿಯಾದವು ಸಮೀಪದ ತಾಯ್ ಸರೋವರದವು. ಇವು ಸುಣ್ಣಕಲ್ಲು. ಕಾರ್ಬನ್ ಡೈಆಕ್ಸೈಡ್ ಬೆರೆತ ನೀರು ದುರ್ಬಲ ಆಮ್ಲವಾಗಿ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಅಲೆಗಳು ಅದನ್ನು ಸವೆಸುತ್ತವೆ. ಹೀಗೆ ತೂತು, ಸುಕ್ಕುಗಳು ಮೂಡುತ್ತವೆ. ತೆಳ್ಳಗಿರುವ, ಸುಕ್ಕುಗಟ್ಟಿದ, ತೂತುಗಳಿರುವ ಕಲ್ಲೇ ಶ್ರೇಷ್ಠವೆಂಬುದು ರಸಿಕರ ಮತ.

ಈ ಮೋಹಕ್ಕೆ ಜನ ಬೆಲೆ ತೆತ್ತದ್ದೂ ಉಂಟು. ಇದಕ್ಕೂ ಸುಮಾರು 400 ವರ್ಷ ಹಿಂದೆ, ಸಾಂಗ್ ವಂಶದ ಹುಯ್‌ಜಾಂಗ್ ಚಕ್ರವರ್ತಿ ದಕ್ಷಿಣದ ಕಲ್ಲು, ಗಿಡಗಳನ್ನು ದೋಣಿಗಳಲ್ಲಿ ರಾಜಧಾನಿ ಕೈಫೆಂಗ್‌ಗೆ ತರಿಸುತ್ತಿದ್ದ. ಇದರ ಹೊರೆ ಹೊತ್ತ ಜನರ ಅಸಮಾಧಾನ 1120ರ ಫಾಂಗ್ ಲಾ ದಂಗೆಗೆ ಒಂದು ಕಾರಣವಾಯಿತು. 1127ರಲ್ಲಿ ಉತ್ತರದ ಜಿನ್ ಪಡೆಗಳು ರಾಜಧಾನಿಯನ್ನು ಗೆದ್ದುಕೊಂಡವು.

ಹಣ ಬೇಡದ ಉಪಾಯವೂ ಉಂಟು. ಜಿ ಚೆಂಗ್ 1631ರಲ್ಲಿ ಬರೆದ ಉದ್ಯಾನ ಶಾಸ್ತ್ರದ ಗ್ರಂಥದಲ್ಲಿ 'ಎರವಲು ನೋಟ'ದ ವಿವರಣೆಯಿದೆ. ಹೊರಗಿನ ಬೆಟ್ಟವೋ ಗೋಪುರವೋ ಒಳಗಿನಿಂದ ಕಾಣುವಂತೆ ಉದ್ಯಾನವನ್ನು ಯೋಜಿಸುವುದೇ ಈ ತಂತ್ರ. ಜುವೊಜೆಂಗ್ ಯುವಾನ್‌ನ ಕೊಳದಾಚೆ ಇಂದಿಗೂ ನಗರದ ಪಗೋಡ ಕಾಣುತ್ತದೆ. ಅದು ಉದ್ಯಾನದ ಸ್ವತ್ತಲ್ಲ, ಆದರೆ ನೋಟದ ಭಾಗ.