ಮರೀನಾದ ಮರಳಿನಲ್ಲಿ ನಾಲ್ವರು ಮುಖ್ಯಮಂತ್ರಿಗಳು

ಚೆನ್ನೈನ ಕಾಮರಾಜರ್ ಸಾಲೈ ಹಿಡಿದು ಉತ್ತರಕ್ಕೆ ನಡೆದರೆ ಎಡಕ್ಕೆ ಮದ್ರಾಸ್ ವಿಶ್ವವಿದ್ಯಾಲಯ, ಬಲಕ್ಕೆ ಮರೀನಾ ಕಡಲತೀರ. ರಸ್ತೆಗೂ ಅಲೆಗೂ ನಡುವಿನ ಈ ಮರಳಿನಲ್ಲಿ ತಮಿಳುನಾಡಿನ ನಾಲ್ವರು ಮುಖ್ಯಮಂತ್ರಿಗಳನ್ನು ಮಣ್ಣು ಮಾಡಿದ್ದಾರೆ: ಸಿ.ಎನ್. ಅಣ್ಣಾದುರೈ, ಎಂ.ಜಿ. ರಾಮಚಂದ್ರನ್, ಜಯಲಲಿತಾ, ಎಂ. ಕರುಣಾನಿಧಿ. ಬದುಕಿದ್ದಾಗ ಒಬ್ಬರನ್ನೊಬ್ಬರು ಜೈಲಿಗೆ ಕಳಿಸಿದವರು, ಕೋರ್ಟಿಗೆ ಎಳೆದವರು ಈಗ ಕೂಗಳತೆಯಲ್ಲಿ ಮಲಗಿದ್ದಾರೆ. ಪ್ರವೇಶಕ್ಕೆ ದುಡ್ಡು ಕೊಡಬೇಕಿಲ್ಲ. ಹಳ್ಳಿಗಳಿಂದ ಬಸ್ಸು ಮಾಡಿಕೊಂಡು ಬರುವವರು ಮೊದಲು ಸಮಾಧಿ ನೋಡಿ, ಆಮೇಲೆ ಕಡಲಿಗೆ ಕಾಲು ಕೊಟ್ಟು, ಸುಂಡಲ್ ತಿಂದು ಊರಿಗೆ ಹೊರಡುತ್ತಾರೆ.

ಕನ್ನಡಿಗರಿಗೆ ಈ ಜಾಗ ಬೇರೆ ಕಾರಣಕ್ಕೂ ಮುಖ್ಯ. ಇಲ್ಲಿ ಮಲಗಿರುವ ಒಬ್ಬರು ಮೇಲುಕೋಟೆಯಲ್ಲಿ ಹುಟ್ಟಿದವರು. ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಶಿಕ್ಷೆ ಕೇಳಿಸಿಕೊಂಡವರೂ ಅವರೇ.

ಅಣ್ಣಾ ಸಮಾಧಿಯಿಂದ ಶುರು ಮಾಡೋಣ. 1969ರ ಫೆಬ್ರವರಿ 3ರಂದು ತೀರಿಕೊಂಡಾಗ ಅವರು ಮುಖ್ಯಮಂತ್ರಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಸಮಾಧಿಯ ಮೇಲೆ ಏನನ್ನೂ ತಾಳಿಕೊಳ್ಳುವ ಹೃದಯ ಎಂಬರ್ಥದ ತಮಿಳು ಸಾಲಿದೆ, ಹತ್ತಿರದಲ್ಲಿ ಆರದ ದೀಪವಿದೆ. ಅವರ ಬಗ್ಗೆ ಇಂದು ದೊಡ್ಡ ತಕರಾರಿಲ್ಲ. ಡಿಎಂಕೆ, ಅಣ್ಣಾ ಡಿಎಂಕೆ ಎರಡು ಪಕ್ಷಗಳಿಗೂ ಅವರು ಬೇಕು, ಒಂದು ಪಕ್ಷದ ಹೆಸರಿನಲ್ಲೇ ಅವರಿದ್ದಾರೆ. ಜನ ಕೈ ಮುಗಿದು ಮುಂದೆ ಹೋಗುತ್ತಾರೆ, ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ನಿಲ್ಲುವುದು ಪಕ್ಕದ ಎಂ.ಜಿ.ಆರ್. ಸಮಾಧಿಯಲ್ಲಿ. ಬಾಗಿಲಲ್ಲೇ ಅವರ ಪಕ್ಷದ ಎರಡೆಲೆ ಚಿಹ್ನೆಯನ್ನು ನೆನಪಿಸುವ ರಚನೆ, ರೆಕ್ಕೆ ಬಿಚ್ಚಿದ ಕುದುರೆ. ಒಳಗೆ ಹೋದರೆ ಕಾಣುವ ನೋಟವನ್ನು ನಾನು ಬೇರಾವ ರಾಜಕಾರಣಿಯ ಸಮಾಧಿಯಲ್ಲೂ ಕಂಡಿಲ್ಲ. ಹೆಂಗಸರು ಮಂಡಿಯೂರಿ, ಸೆರಗು ಸರಿಮಾಡಿಕೊಂಡು, ಕಲ್ಲಿಗೆ ಕಿವಿಯಿಡುತ್ತಾರೆ. ಎಂ.ಜಿ.ಆರ್. ಕೈಗಡಿಯಾರವನ್ನು ಅವರ ಜೊತೆಗೇ ಹೂಳಲಾಗಿದೆ, ಅದು ಇನ್ನೂ ಟಿಕ್ ಟಿಕ್ ಎನ್ನುತ್ತಿದೆ ಎಂಬುದು ಜನರ ನಂಬಿಕೆ. ಒಬ್ಬ ತಂದೆ ಮಗುವನ್ನು ಎತ್ತಿ ಅದರ ಕೆನ್ನೆಯನ್ನು ಕಲ್ಲಿಗೆ ತಾಗಿಸಿದ. ಕೇಳಿಸ್ತಾ ಎಂದು ಕೇಳಿದ. ಮಗು ಹೂಂ ಎಂದು ತಲೆಯಾಡಿಸಿತು. ಹಿಂದೆ ನಿಂತಿದ್ದವರೆಲ್ಲ ಒಂದು ಕ್ಷಣ ಸುಮ್ಮನಾದರು.

ಎಂ.ಜಿ.ಆರ್. ತೀರಿಕೊಂಡದ್ದು 1987ರ ಡಿಸೆಂಬರ್ 24ರಂದು. ಕಲ್ಲಿಗೆ ಕಿವಿಯಿಟ್ಟವರಲ್ಲಿ ಹಲವರು ಆಗ ಹುಟ್ಟೇ ಇರಲಿಲ್ಲ. ಅವರ ಹತ್ತು ವರ್ಷದ ಆಳ್ವಿಕೆಯನ್ನು ಕಟುವಾಗಿ ಟೀಕಿಸಿದ ಪಂಡಿತರಿದ್ದಾರೆ. ಸಿನಿಮಾ ಮೋಡಿಯಲ್ಲಿ ಬಡವರನ್ನು ಆಳಿದರು, ಅವರ ಬಡತನವನ್ನು ಹಾಗೇ ಬಿಟ್ಟರು ಎನ್ನುವ ವಾದಕ್ಕೆ ಬೇಕಾದಷ್ಟು ಆಧಾರವನ್ನೂ ಕೊಟ್ಟಿದ್ದಾರೆ. ಆದರೆ 1982ರಲ್ಲಿ ಶಾಲೆಯ ಮಕ್ಕಳ ಬಿಸಿಯೂಟವನ್ನು ರಾಜ್ಯದಗಲ ವಿಸ್ತರಿಸಿದವರೂ ಅವರೇ. ಮುಂದೆ ಇಡೀ ದೇಶಕ್ಕೆ, ನಮ್ಮ ಅಕ್ಷರ ದಾಸೋಹಕ್ಕೂ, ಆ ದಾರಿ ಒದಗಿ ಬಂತು. ತಟ್ಟೆಯಲ್ಲಿ ಬಿದ್ದ ಅನ್ನ ನೆನಪಿನಲ್ಲಿ ಉಳಿಯುತ್ತದೆ. ಬಜೆಟ್ ಲೆಕ್ಕ ಉಳಿಯುವುದಿಲ್ಲ. ಇದನ್ನು ಮೌಢ್ಯವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಹಸಿದವರ ನೆನಪಿಗೂ ಅದರದೇ ನ್ಯಾಯವಿದೆ.

ಇದೇ ಆವರಣದಲ್ಲಿ 1993ರ ಜುಲೈಯಲ್ಲಿ ಜಯಲಲಿತಾ ಕಾವೇರಿ ನೀರಿಗಾಗಿ 80 ಗಂಟೆ ಉಪವಾಸ ಕೂತಿದ್ದರು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬೆನ್ನಿಗೆ 1991ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆಯ ಗಾಯ ಆಗಿನ್ನೂ ಹಸಿಯಾಗಿತ್ತು. ಮಂಡ್ಯದಲ್ಲಿ ಅವರ ಹೆಸರು ಹೇಳಿದರೆ ಜನ ಕೆರಳುತ್ತಿದ್ದ ಕಾಲ ಅದು. ಆದರೆ ಅವರು ಹುಟ್ಟಿದ್ದು ಅದೇ ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ, 1948ರ ಫೆಬ್ರವರಿ 24ರಂದು. ಬೆಂಗಳೂರಿನಲ್ಲಿ ಓದಿದರು, ಬಿ.ಆರ್. ಪಂತುಲು ಅವರ ‘ಚಿನ್ನದ ಗೊಂಬೆ’ಯಲ್ಲಿ ನಟಿಸಿದರು. ತಮಿಳುನಾಡು ಅವರನ್ನು ಕನ್ನಡದವಳು ಎಂದು ಹಂಗಿಸಿತು, ಕರ್ನಾಟಕ ವೈರಿ ಎಂದು ಬಯ್ದಿತು. ಎರಡೂ ಕಡೆ ಹೀಗೆ ಹೊರಗಿನವರಾಗಿದ್ದ ಹೆಣ್ಣುಮಗಳು ಆರು ಬಾರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಸಣ್ಣ ಮಾತಲ್ಲ.

ಎಂ.ಜಿ.ಆರ್. ಸಮಾಧಿಯ ಹಿಂದೆಯೇ ಅವರ ಸ್ಮಾರಕ. 1987ರಲ್ಲಿ ಎಂ.ಜಿ.ಆರ್. ಶವಯಾತ್ರೆಯ ವಾಹನದಿಂದ ಅವರನ್ನು ದಬ್ಬಿ ಕೆಳಗಿಳಿಸಿದ್ದರು. 29 ವರ್ಷಗಳ ನಂತರ ಅದೇ ನಾಯಕನ ಪಕ್ಕದಲ್ಲೇ ಅವರಿಗೆ ಜಾಗ ಸಿಕ್ಕಿತು. ಬೂದಿಯಿಂದ ಎದ್ದು ಬರುವ ಫೀನಿಕ್ಸ್ ಹಕ್ಕಿಯ ರೂಪದಲ್ಲಿ ಕಾಂಕ್ರೀಟಿನ ಎರಡು ದೊಡ್ಡ ರೆಕ್ಕೆಗಳು ಸಮಾಧಿಯ ಮೇಲೆ ಚಾಚಿಕೊಂಡಿವೆ. ಕೆಳಗೆ ನಿಂತರೆ ಆಕಾಶ ಸೀಳಿದಂತೆ ಕಾಣುತ್ತದೆ. ಕಟ್ಟಡದ ಮಟ್ಟಿಗೆ ಇಡೀ ಮರೀನಾದಲ್ಲಿ ಇದಕ್ಕಿಂತ ಧೈರ್ಯದ ರಚನೆ ಇನ್ನೊಂದಿಲ್ಲ.

ಈ ಸಮಾಧಿಯ ಮುಂದಿನ ರಾಜಕೀಯದ ಬಹುಪಾಲು ಸ್ಮಾರಕ ಕಟ್ಟುವ ಮೊದಲೇ ನಡೆದುಹೋಗಿತ್ತು. 2016ರ ಡಿಸೆಂಬರ್ 5ರ ರಾತ್ರಿ ಅವರು ತೀರಿಕೊಂಡರು. ಎರಡೇ ತಿಂಗಳಲ್ಲಿ, 2017ರ ಫೆಬ್ರವರಿ 7ರ ರಾತ್ರಿ, ಅವರ ನಂತರ ಮುಖ್ಯಮಂತ್ರಿಯಾದ ಓ. ಪನ್ನೀರ್‌ಸೆಲ್ವಂ ಇಲ್ಲಿ ಬಂದು ಕಣ್ಣುಮುಚ್ಚಿ ನಲವತ್ತು ನಿಮಿಷ ಕೂತು, ಎದ್ದು ಜಯಲಲಿತಾ ಆಪ್ತೆ ಶಶಿಕಲಾ ವಿರುದ್ಧ ಬಂಡಾಯ ಸಾರಿದರು. ಮರುವಾರ, ಫೆಬ್ರವರಿ 15ರಂದು, ಶರಣಾಗಲು ಬೆಂಗಳೂರಿಗೆ ಹೊರಟಿದ್ದ ಶಶಿಕಲಾ ಇಲ್ಲಿ ಬಗ್ಗಿ ಅಂಗೈಯಿಂದ ಸಮಾಧಿಯನ್ನು ಮೂರು ಬಾರಿ ಬಡಿದು ಶಪಥ ಮಾಡಿದರು. ಇಂದಿಗೂ ಬಂದವರು ಆ ಜಾಗವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. 2021ರ ಜನವರಿ 27ರಂದು ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಸ್ಮಾರಕವನ್ನು ಉದ್ಘಾಟಿಸಿದರು. ಅದೇ ದಿನ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಶಶಿಕಲಾ ಅವರ ಶಿಕ್ಷೆ ಮುಗಿದು ಬಿಡುಗಡೆಯಾಯಿತು. ಅವರು ಚೆನ್ನೈಗೆ ಮರಳುವ ಹೊತ್ತಿಗೆ, ಕೆಲಸ ಬಾಕಿಯಿದೆ ಎಂಬ ಕಾರಣ ಕೊಟ್ಟು ಸ್ಮಾರಕದ ಬಾಗಿಲು ಹಾಕಲಾಗಿತ್ತು.

ಇನ್ನು ಶಶಿಕಲಾ ಅವರನ್ನು ಜೈಲಿಗೆ ಕಳಿಸಿದ, ಜಯಲಲಿತಾ ಮೊದಲ ಆರೋಪಿಯಾಗಿದ್ದ ಮೊಕದ್ದಮೆಯ ವಿಷಯ. 1991ರಿಂದ 1996ರವರೆಗಿನ ಜಯಲಲಿತಾ ಅವರ ಮೊದಲ ಅವಧಿಯಲ್ಲಿ ಆದಾಯ ಮೀರಿ ಆಸ್ತಿ ಗಳಿಸಿದ ಆರೋಪ. ತಮಿಳುನಾಡಿನಲ್ಲಿ ನ್ಯಾಯಯುತ ವಿಚಾರಣೆ ಕಷ್ಟವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ನ್ಯಾಯಾಧೀಶ ಜಾನ್ ಮೈಕೆಲ್ ಡಿ’ಕುನ್ಹ ನಾಲ್ಕು ವರ್ಷ ಸಜೆ, 100 ಕೋಟಿ ರೂಪಾಯಿ ದಂಡ ವಿಧಿಸಿದರು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಖುಲಾಸೆ ಮಾಡಿತು. ವಿಶೇಷ ಅಭಿಯೋಜಕ ಬಿ.ವಿ. ಆಚಾರ್ಯ ಆ ತೀರ್ಪಿನ ಕೂಡುವ ಲೆಕ್ಕದಲ್ಲೇ ತಪ್ಪಿದೆ ಎಂದು ತೋರಿಸಿದರು. ಕರ್ನಾಟಕ ಮೇಲ್ಮನವಿ ಹೋಯಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಆ ಹೊತ್ತಿಗೆ ಮೊದಲ ಆರೋಪಿ ತೀರಿಕೊಂಡಿದ್ದರಿಂದ ಅವರ ಮೇಲಿನ ಪ್ರಕರಣ ಅಲ್ಲಿಗೇ ಮುಕ್ತಾಯವಾಯಿತು. ಉಳಿದ ಮೂವರು ಪರಪ್ಪನ ಅಗ್ರಹಾರ ಸೇರಿದರು. ಸ್ಮಾರಕ ಕಟ್ಟಬಾರದೆಂದು ಸಲ್ಲಿಸಿದ್ದ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2019ರ ಜನವರಿಯಲ್ಲಿ ವಜಾ ಮಾಡಿದ್ದು ಈ ಕಾರಣಕ್ಕೇ. ಅಂತಿಮ ತೀರ್ಪಿಗೆ ಮೊದಲೇ ಸತ್ತವರನ್ನು ಅಪರಾಧಿ ಎನ್ನಲಾಗದು ಎಂಬುದು ಕೋರ್ಟಿನ ನಿಲುವು.

ಇಷ್ಟೆಲ್ಲ ನಡೆದ ಬೆಂಗಳೂರಿನ ಸುಳಿವು ಸ್ಮಾರಕದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಸಮಾಧಿಯ ಅಂಚಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಹೆಂಗಸು ನನ್ನ ಫೋನ್ ಮಾತು ಕೇಳಿ ಕನ್ನಡದಲ್ಲೇ ಮಾತಿಗೆಳೆದರು. ಡೆಂಕಣಿಕೋಟೆ ಕಡೆಯವರು. “ಬೆಂಗಳೂರಿಂದ ಬಂದ್ರಾ ಸಾಮಿ? ಅಮ್ಮನ್ನ ಜೈಲಿಗೆ ಹಾಕಿದ್ದು ನಿಮ್ಮೂರೇ ಅಲ್ವಾ?” ಹೌದಮ್ಮ ಎಂದೆ. ಅವರಿಗೆ ಸಿಟ್ಟಿರಲಿಲ್ಲ. “ತಪ್ಪು ಮಾಡಿರಬೋದು. ಕೋರ್ಟು ಸುಮ್ನೆ ಹಾಕ್ತದಾ? ಆದ್ರೂ ಆಯಮ್ಮ ಕೊಟ್ಟ ಮಿಕ್ಸಿ ನಮ್ಮನೇಲಿ ಇನ್ನೂ ಓಡ್ತದೆ.” ಪಕ್ಕದಲ್ಲಿದ್ದ ಸೊಸೆ, “ನಮ್ದು ಕೆಟ್ಟೋಗಿ ಎಷ್ಟೋ ವರ್ಸ ಆಯ್ತತ್ತೆ, ಅದು ಬೇರೆ ಮಿಕ್ಸಿ” ಎಂದಳು. ಅತ್ತೆ ಒಪ್ಪಲಿಲ್ಲ. ಆ ಜಗಳ ಅವರು ಬಸ್ಸಿನ ಕಡೆ ಹೊರಡುವ ತನಕ ಮುಗಿಯಲಿಲ್ಲ.

ಕಟ್ಟಿಸಿದವರು ಮರೆಮಾಚಿದ್ದನ್ನು ಬಂದುಹೋಗುವ ಜನ ಮರೆತಿಲ್ಲ ಎಂಬುದು ನನಗೆ ಆಗ ಮನದಟ್ಟಾಯಿತು. ಒಂದು ರೂಪಾಯಿಗೆ ಇಡ್ಲಿ, ಐದು ರೂಪಾಯಿಗೆ ಸಾಂಬಾರ್ ಅನ್ನ ಕೊಟ್ಟ ಅಮ್ಮ ಕ್ಯಾಂಟೀನು, ಹೆಣ್ಣುಶಿಶುಗಳನ್ನು ಕೊಲ್ಲದೆ ತಂದು ಬಿಡಿ ಎಂದ 1992ರ ತೊಟ್ಟಿಲು ಯೋಜನೆ, ಮನೆಮನೆಗೂ ಕಡ್ಡಾಯವಾದ ಮಳೆನೀರು ಕೊಯ್ಲು ಜನರ ಬಾಯಲ್ಲಿವೆ. ಹಾಗೆಯೇ 1995ರ ಸಾಕುಮಗನ ಅದ್ದೂರಿ ಮದುವೆ, ದಾಳಿಯಲ್ಲಿ ಸಿಕ್ಕ ಸಾವಿರಾರು ಸೀರೆ, 2003ರಲ್ಲಿ ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಒಂದೇ ಏಟಿಗೆ ಕಿತ್ತುಹಾಕಿದ್ದೂ ಅದೇ ಬಾಯಲ್ಲಿವೆ. ಜನ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆಯ್ಕೆ ಮಾಡಿಕೊಳ್ಳುವವರು ಪಕ್ಷದವರು.

ಕರುಣಾನಿಧಿ ಸಮಾಧಿ ಇರುವುದು ಅಣ್ಣಾ ಸಮಾಧಿಯ ಹಿಂದೆ. ಈ ಜಾಗಕ್ಕಾಗಿ ಸತ್ತ ಮೇಲೂ ವ್ಯಾಜ್ಯ ನಡೆಯಿತು. 2018ರ ಆಗಸ್ಟ್ 7ರಂದು ಅವರು ತೀರಿಕೊಂಡಾಗ, ಮರೀನಾ ಅಧಿಕಾರದಲ್ಲಿದ್ದು ಸತ್ತವರಿಗೆ ಮಾತ್ರ ಎಂದು ಸರ್ಕಾರ ಚೆನ್ನೈನ ಗಿಂಡಿಯ ಕಡೆ ಕೈ ತೋರಿಸಿತು. ಮದ್ರಾಸ್ ಹೈಕೋರ್ಟಿನಲ್ಲಿ ರಾತ್ರೋರಾತ್ರಿ ವಿಚಾರಣೆ ಶುರುವಾಯಿತು. ಮರುದಿನ ಬೆಳಿಗ್ಗೆ ಮರೀನಾದಲ್ಲೇ ಜಾಗ ಕೊಡಿ ಎಂದು ಆದೇಶಿಸಿದ ಪೀಠದ ನೇತೃತ್ವ ವಹಿಸಿದ್ದವರು ಆಗಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿ, ನಮ್ಮವರೇ ಆದ ಹುಲುವಾಡಿ ಜಿ. ರಮೇಶ್. ಮಗ ಮುಖ್ಯಮಂತ್ರಿಯಾದ ಮೇಲೆ, 2024ರ ಫೆಬ್ರವರಿ 26ರಂದು, ದೊಡ್ಡ ಸ್ಮಾರಕವೂ ನೆಲದಡಿಯ ವಸ್ತುಸಂಗ್ರಹಾಲಯವೂ ತೆರೆದವು. ಬರಹಗಾರನ ಬದುಕನ್ನು ಅಲ್ಲಿ ಅಚ್ಚುಕಟ್ಟಾಗಿ ತೋರಿಸಿದ್ದಾರೆ. ಅದು ಸಾಲದೆಂಬಂತೆ ಎದುರಿನ ಕಡಲಿನಲ್ಲೇ 134 ಅಡಿ ಎತ್ತರದ ಪೆನ್ನು ನಿಲ್ಲಿಸುವ ಪ್ರಸ್ತಾಪ ಬಂತು. ಮೀನುಗಾರರೂ ಪರಿಸರವಾದಿಗಳೂ ಎದ್ದು ನಿಂತದ್ದು ಸರಿಯಾಗಿಯೇ ಇತ್ತು.

ಕರುಣಾನಿಧಿ ಬದುಕಿನ ಒಂದು ಬೆಳಗು ಇದೇ ಮರಳಿನಲ್ಲಿ ಕಳೆಯಿತು. 2009ರ ಏಪ್ರಿಲ್ 27, ಶ್ರೀಲಂಕಾದ ಯುದ್ಧದ ಕೊನೆಯ ವಾರಗಳು. ಮುಖ್ಯಮಂತ್ರಿ ಕರುಣಾನಿಧಿ ನಸುಕಿನಲ್ಲೇ ಅಣ್ಣಾ ಸಮಾಧಿಯ ಬಳಿ ಉಪವಾಸ ಕೂತರು, ಕೆಲವೇ ಗಂಟೆಗಳಲ್ಲಿ, ದಾಳಿ ನಿಲ್ಲುತ್ತದೆ ಎಂಬ ಸುದ್ದಿ ಬಂತೆಂದು ಎದ್ದರು. ದಾಳಿ ನಿಲ್ಲಲಿಲ್ಲ. ಮುಂದಿನ ತಿಂಗಳಲ್ಲೇ ಮುಳ್ಳಿವಾಯ್ಕಾಲ್‌ನಲ್ಲಿ ಸಾವಿರಾರು ತಮಿಳರು ಸತ್ತರು. ಈಳಂ ತಮಿಳರ ಪರ ನಿಂತವರಲ್ಲಿ ಅನೇಕರು ಆ ಬೆಳಗನ್ನು ಅವರಿಗೆ ಕೊನೆಗೂ ಕ್ಷಮಿಸಲಿಲ್ಲ. ಕ್ಷಮಿಸಬೇಕೆಂದು ಅವರಿಗೆ ಹೇಳುವ ಅಧಿಕಾರ ನಮಗೆ ಯಾರಿಗೂ ಇಲ್ಲ.

ಮರೀನಾದ ಹೊರಗೂ ಜಯಲಲಿತಾ ನೆನಪು ಹರಡಿಕೊಂಡಿದೆ. ಅಯ್ಯಂಗಾರ್ ಮನೆತನದ ಹೆಣ್ಣುಮಗಳನ್ನು ದಹನ ಮಾಡದೆ ಹೂಳಿದ್ದಕ್ಕೆ ನೊಂದ ಸಂಬಂಧಿಕರು, ಅದೇ 2016ರ ಡಿಸೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಪ್ರತಿಕೃತಿಯಿಟ್ಟು ಸಂಸ್ಕಾರ ಮಾಡಿದರು. ಯಾವ ನೀರಿಗಾಗಿ ಅವರು ನಮ್ಮೊಡನೆ ಕಾದಾಡಿದರೋ ಅದೇ ಕಾವೇರಿಯ ದಡದಲ್ಲಿ. ಮೊಕದ್ದಮೆಯಲ್ಲಿ ಜಪ್ತಿಯಾಗಿ ಕರ್ನಾಟಕದ ಖಜಾನೆಯಲ್ಲಿದ್ದ ಅವರ ಸುಮಾರು 27 ಕೆ.ಜಿ. ಚಿನ್ನದ ಒಡವೆಗಳು 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ನ್ಯಾಯಾಲಯದ ಮೂಲಕ ತಮಿಳುನಾಡು ಸರ್ಕಾರದ ಕೈಸೇರಿದವು.

ಫೀನಿಕ್ಸ್ ರೆಕ್ಕೆಗಳಿಗೂ ನೆಲದಡಿಯ ಸಂಗ್ರಹಾಲಯಕ್ಕೂ ಹೋದದ್ದು ಜನರ ದುಡ್ಡು. ಹಾಗಿರುವಾಗ ಜಯಲಲಿತಾ ಸ್ಮಾರಕದಲ್ಲಿ ತೊಟ್ಟಿಲು ಯೋಜನೆಯ ಪಕ್ಕ ಬೆಂಗಳೂರಿನ ತೀರ್ಪೂ, ಕರುಣಾನಿಧಿ ಸಂಗ್ರಹಾಲಯದಲ್ಲಿ ಅವರ ಪುಸ್ತಕಗಳ ಪಕ್ಕ 2009ರ ಆ ಬೆಳಗೂ ಇರಲೇಬೇಕು. ತಮಿಳುನಾಡಿನಲ್ಲಿ ಯಾವ ಪಕ್ಷ ಆಳಿದರೂ ಆ ಎರಡು ಫಲಕಗಳನ್ನು ಹಾಕಿಸಲಿ. ಅವನ್ನು ಓದಿದ ಮೇಲೂ ಕೈ ಮುಗಿಯಬೇಕೋ ಬೇಡವೋ ಎಂಬುದನ್ನು ಡೆಂಕಣಿಕೋಟೆಯ ಬಸ್ಸಿನಲ್ಲಿ ಬರುವವರು ತೀರ್ಮಾನಿಸಿಕೊಳ್ಳುತ್ತಾರೆ.