ದಂತದಲ್ಲಿ ಅರಳಿದ ಯೇಸು: ಮುಂಬೈನಲ್ಲಿರುವ ಈ ಮೂರ್ತಿಗಳನ್ನು ಕೆತ್ತಿದವರು ಯಾರು?

ಮುಂಬೈ: ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಧೋಬಿ ತಲಾವ್ ಬಳಿ ಸೇಂಟ್ ಕ್ಸೇವಿಯರ್ಸ್ ಕಾಲೇಜು ಇದೆ. 1869ರಲ್ಲಿ ಆರಂಭವಾದ ಈ ಕಾಲೇಜಿನೊಳಗೆ ಹೆರಾಸ್ ಇತಿಹಾಸ ಸಂಸ್ಥೆಯ ಪುಟ್ಟ ವಸ್ತುಸಂಗ್ರಹಾಲಯವಿದೆ. ಹಳೆಯ ನಾಣ್ಯ, ಕಲ್ಲಿನ ಶಿಲ್ಪಗಳ ಜತೆಗೆ ಆನೆದಂತದಲ್ಲಿ ಕೆತ್ತಿದ ಕ್ರೈಸ್ತ ಮೂರ್ತಿಗಳೂ ಇಲ್ಲಿವೆ. ಗೋವಾದಿಂದ ವಸಾಯಿವರೆಗಿನ ಪಶ್ಚಿಮ ಕರಾವಳಿಯ ಸುಮಾರು ಎರಡು ಶತಮಾನಗಳ ಕಥೆಯನ್ನು ಇಂಥ ಮೂರ್ತಿಗಳು ಹೇಳುತ್ತವೆ.

ಸಂಸ್ಥೆ ಕಟ್ಟಿದವರು ಸ್ಪೇನ್ ಮೂಲದ ಜೆಸ್ವಿಟ್ ಪಾದ್ರಿ ಹೆನ್ರಿ ಹೆರಾಸ್. 1922ರಲ್ಲಿ ಭಾರತಕ್ಕೆ ಬಂದ ಅವರು 1926ರಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆ ಆರಂಭಿಸಿದರು. ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ವಿಜಯನಗರದ ಅರವೀಡು ವಂಶದ ಬಗ್ಗೆ 1927ರಲ್ಲಿ ದೊಡ್ಡ ಗ್ರಂಥ ಬರೆದವರು ಇವರೇ. 1955ರಲ್ಲಿ ನಿಧನರಾದ ಹೆರಾಸ್ ಅವರ ನೆನಪಿಗೆ 1981ರಲ್ಲಿ ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು.

'ಮಧ್ಯಯುಗ' ಎಂದರೆ ಯಾವ ಕಾಲ?

ಯುರೋಪಿನಲ್ಲಿ ಮಧ್ಯಯುಗದ ದಂತ ಕೆತ್ತನೆ ಎಂದರೆ 13 ಮತ್ತು 14ನೇ ಶತಮಾನದ ಪ್ಯಾರಿಸ್ ನೆನಪಾಗುತ್ತದೆ. ಅಲ್ಲಿನ ಮರಿಯಮ್ಮನ ಮೂರ್ತಿಗಳು ಸೊಂಟದಲ್ಲಿ ತುಸು ಬಾಗಿ ನಿಂತಿರುತ್ತವೆ. ದಂತವೇ ಬಾಗಿರುವುದರಿಂದ ಆ ಬಾಗು ಕೆತ್ತನೆಗಾರನಿಗೆ ಒಗ್ಗಿ ಬಂದಿತ್ತು. ಆದರೆ ನಮ್ಮ ಇತಿಹಾಸ ಪುಸ್ತಕಗಳಲ್ಲಿ ಮಧ್ಯಯುಗ 18ನೇ ಶತಮಾನದವರೆಗೂ ಸಾಗುತ್ತದೆ. ಹೀಗಾಗಿ ಪೋರ್ಚುಗೀಸರ ಕಾಲದ, ಅಂದರೆ 16ರಿಂದ 18ನೇ ಶತಮಾನದ ಮೂರ್ತಿಗಳಿಗೂ ಇಲ್ಲಿ 'ಮಧ್ಯಯುಗದ್ದು' ಎಂಬ ಚೀಟಿ ಅಂಟುವುದುಂಟು. ಇವುಗಳಿಗೆ ವಿದ್ವಾಂಸರು ಬಳಸುವ ಹೆಸರು 'ಇಂಡೋ-ಪೋರ್ಚುಗೀಸ್ ದಂತಶಿಲ್ಪ'.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾ ವಸಾಯಿ ಹಾಗೂ ಮುಂಬೈನ ದ್ವೀಪಗಳನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1739ರಲ್ಲಿ ಚಿಮಾಜಿ ಅಪ್ಪಾ ನೇತೃತ್ವದ ಮರಾಠಾ ಸೇನೆ ವಸಾಯಿ ಕೋಟೆ ಗೆದ್ದಿತು. ಈ 205 ವರ್ಷಗಳಲ್ಲಿ ಇಲ್ಲಿ ಚರ್ಚ್‌ಗಳು ಎದ್ದವು, ಅವುಗಳಿಗೆ ಮೂರ್ತಿಗಳು ಬೇಕಾದವು. ಕೆತ್ತನೆಯ ಮುಖ್ಯ ಕೇಂದ್ರ ಗೋವಾ. ದಂತದ ಬಹುಪಾಲು ಬರುತ್ತಿದ್ದುದು ಮಾತ್ರ ಪೂರ್ವ ಆಫ್ರಿಕಾದಿಂದ, ಮೊಜಾಂಬಿಕ್ ಕಡೆಯಿಂದ ಹೊರಟ ಹಡಗುಗಳಲ್ಲಿ.

ಬೇಡ ಎಂದರೂ ನಿಲ್ಲದ ಕೈಗಳು

ಈ ಮೂರ್ತಿಗಳ ಮೇಲೆ ಸಾಮಾನ್ಯವಾಗಿ ಶಿಲ್ಪಿಯ ಹೆಸರಿಲ್ಲ. ಆದರೆ ಒಂದು ಸುಳಿವು ಚರ್ಚ್‌ನ ದಾಖಲೆಗಳಲ್ಲೇ ಇದೆ. ಕ್ರೈಸ್ತರಲ್ಲದ ಕುಶಲಕರ್ಮಿಗಳಿಂದ ಪೂಜಾಮೂರ್ತಿಗಳನ್ನು ಮಾಡಿಸಬಾರದು ಎಂದು 16ನೇ ಶತಮಾನದ ಉತ್ತರಾರ್ಧದಲ್ಲಿ ಗೋವಾದ ಧರ್ಮಸಭೆ ಕಟ್ಟಪ್ಪಣೆ ಮಾಡಿತ್ತು. ಮಾಡಿಸುತ್ತಿದ್ದರು ಎಂಬ ಕಾರಣಕ್ಕೇ ತಾನೆ ಬೇಡ ಎನ್ನಬೇಕಾಗಿ ಬಂದದ್ದು? ದೇವರ ಮೂರ್ತಿ ಕೆತ್ತುವುದು ಕುಲಕಸುಬಾಗಿದ್ದ ಸ್ಥಳೀಯ ಹಿಂದೂ ಶಿಲ್ಪಿಗಳೂ, ಮತಾಂತರಗೊಂಡ ಶಿಲ್ಪಿಗಳೂ ಈ ಕೆಲಸ ಮಾಡಿದರು.

ಅವರ ಕೈಗುಣ ಎದ್ದು ಕಾಣುವುದು 17ನೇ ಶತಮಾನದ 'ಉತ್ತಮ ಕುರಿಗಾಹಿ' ಮೂರ್ತಿಗಳಲ್ಲಿ. ಬಾಲಯೇಸು ಕುರಿತೊಗಲಿನ ಅಂಗಿ ತೊಟ್ಟು, ಬಂಡೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿರುತ್ತಾನೆ. ಅಂಗೈ ಮೇಲೆ ಕೆನ್ನೆ, ಅರೆಮುಚ್ಚಿದ ಕಣ್ಣು, ಹೆಗಲ ಮೇಲೊಂದು, ಮಡಿಲಲ್ಲೊಂದು ಕುರಿಮರಿ. ಕೆಳಗೆ ಮಹಡಿ ಮಹಡಿಯಾಗಿ ಇಳಿಯುವ ಬೆಟ್ಟ, ಅದರಲ್ಲಿ ನೀರಿನ ಬುಗ್ಗೆ, ನೀರು ಕುಡಿಯುವ ಹಕ್ಕಿಗಳು, ಮೇಯುವ ಕುರಿಗಳು. ತೀರಾ ಕೆಳಗಿನ ಗುಹೆಯಲ್ಲಿ ಪುಸ್ತಕ ಹಿಡಿದು ಒರಗಿದ ಮಗ್ದಲದ ಮರಿಯಳು. ಧ್ಯಾನದ ಬುದ್ಧ, ಗೋವು ಕಾಯುವ ಕೃಷ್ಣ ಇಬ್ಬರ ನೆರಳನ್ನೂ ಕಲಾ ಇತಿಹಾಸಕಾರರು ಇದರಲ್ಲಿ ಗುರುತಿಸಿದ್ದಾರೆ. ಯುರೋಪಿನ ಕಲೆಯಲ್ಲಿ ಈ ರೂಪಕ್ಕೆ ನೇರ ಮಾದರಿ ಸಿಗುವುದಿಲ್ಲ. ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಇಂಥ ಮೂರ್ತಿಗಳಿವೆ.

ನೋಡುವಾಗ ಇದನ್ನು ಗಮನಿಸಿ

ದಂತದ ಅಗಲ ಸೀಮಿತ. ಅದರ ಬುಡದ ಭಾಗ ಟೊಳ್ಳು. ಅದಕ್ಕಾಗಿಯೇ ಶಿಲುಬೆಯ ಯೇಸುವಿನ ದೇಹವನ್ನು ಒಂದು ತುಂಡಿನಲ್ಲಿ ಕೆತ್ತಿ, ಚಾಚಿದ ತೋಳುಗಳನ್ನು ಬೇರೆಯಾಗಿ ಮಾಡಿ ಜೋಡಿಸುತ್ತಿದ್ದರು. ಭುಜದ ಬಳಿ ಕಾಣುವ ಗೆರೆ ಒಡಕಲ್ಲ, ಬೆಸುಗೆ. ಎಷ್ಟೋ ಮೂರ್ತಿಗಳ ತೋಳು ಕಳೆದುಹೋಗಿರುವುದಕ್ಕೂ ಇದೇ ಕಾರಣ. ಕೂದಲು, ತುಟಿ, ಬಟ್ಟೆಯ ಅಂಚಿನಲ್ಲಿ ಬಣ್ಣ ಅಥವಾ ಚಿನ್ನದ ಲೇಪದ ಕುರುಹು ಉಳಿದಿರಬಹುದು.

ಅಸಲಿ ಆನೆದಂತವನ್ನು ಅಡ್ಡ ಕೊಯ್ದ ಕಡೆ ಒಂದನ್ನೊಂದು ಹಾಯುವ ನವಿರಾದ ಗೆರೆಗಳ ಬಲೆ ಕಾಣುತ್ತದೆ. ಮೂಳೆ ಅಥವಾ ಪ್ಲಾಸ್ಟಿಕ್‌ನಲ್ಲಿ ಅದು ಇರುವುದಿಲ್ಲ. ದಂತ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮುಂಬೈನಂಥ ಮಳೆ-ಸೆಕೆಯ ಊರಿನಲ್ಲಿ ಇದೇ ದೊಡ್ಡ ಶತ್ರು. ಹೊಳಪು ಬರಲಿ ಎಂದು ನೀರಿನಲ್ಲಿ ತೊಳೆದರೆ ಬಿರುಕು ಬಿಡುವ ಅಪಾಯವಿದೆ.

ಮನೆಯಲ್ಲಿದ್ದರೆ ಏನು ಮಾಡಬೇಕು?

ಹಳೆಯ ಕ್ರೈಸ್ತ ಕುಟುಂಬಗಳ ಮನೆಯ ಪೀಠದಲ್ಲಿ ಅಜ್ಜ-ಅಜ್ಜಿಯ ಕಾಲದ ದಂತದ ಶಿಲುಬೆ ಇರುವುದುಂಟು. ಅದು ಎಷ್ಟೇ ಹಳೆಯದಾದರೂ ಮಾರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತೀಯ ಆನೆದಂತದ ವ್ಯಾಪಾರವನ್ನು ನಿಷೇಧಿಸಿತು, 1991ರ ತಿದ್ದುಪಡಿ ಆಮದು ದಂತಕ್ಕೂ ಅದನ್ನು ವಿಸ್ತರಿಸಿತು. ದಂತದ ವಸ್ತು ಇಟ್ಟುಕೊಳ್ಳಲು ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಬೇಕು. 100 ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವುದೂ ಅಪರಾಧ.

ಆನೆಗಳ ಉಳಿವಿಗೆ ಈ ಕಾನೂನು ಬೇಕೇ ಬೇಕು. ಆದರೆ ಅದರೊಂದಿಗೆ ಒಂದು ಕಸುಬೂ ಮುಗಿಯಿತು. ಮೈಸೂರಿನ ಬೀಟೆ ಮರದ ಕುಸುರಿಯಲ್ಲಿ ದಂತದ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಅರಮನೆಯ ಅಂಬಾವಿಲಾಸದ ದಂತ ಕೂರಿಸಿದ ಬಾಗಿಲಿನಂಥದ್ದನ್ನು ಇನ್ನು ಯಾರೂ ಹೊಸದಾಗಿ ಮಾಡಲಾರರು. ದಂತದ ಯೇಸುವಿನ ಕಥೆಯೂ ಅದೇ. ಇರುವಷ್ಟೇ ಮೂರ್ತಿಗಳು, ಇನ್ನೊಂದು ಹುಟ್ಟುವುದಿಲ್ಲ. ಹೆರಾಸ್ ಸಂಗ್ರಹಾಲಯದಂಥ ಜಾಗಗಳಲ್ಲಿ ಅವು ಸುರಕ್ಷಿತವಾಗಿ ಉಳಿದರೆ ಮಾತ್ರ, ಹೆಸರು ಬಿಟ್ಟುಹೋಗದ ಆ ಶಿಲ್ಪಿಗಳ ಕೆಲಸ ಮುಂದಿನವರ ಕಣ್ಣಿಗೆ ಬೀಳುತ್ತದೆ.